ನಾನೇ ಬರೆದ ಮನವಿಯ ಕೊನೆಯ ಸಾಲು

ಪಿತ್ರಾರ್ಜಿತ ಆಸ್ತಿಯ ಜೊತೆ ಅಂಜಿಕೆಯನ್ನೂ ಸಮನಾಗಿ ಹಂಚುವ ಕಾನೂನು ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ಮನೆಯಲ್ಲಿ ಅದಷ್ಟೂ ನನ್ನ ಪಾಲಿಗೇ ಬಂತು, ಅಕ್ಕ ಗಂಗವ್ವನಿಗೆ ಚೂರೂ ಸಿಗಲಿಲ್ಲ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡ ಮೇಲೂ ಕಂಡಕ್ಟರ್ ಹತ್ತಿರ ಬಂದರೆ ಜೇಬು ಮುಟ್ಟಿ ನೋಡಿಕೊಳ್ಳುವವನು ನಾನು. ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಯಾವ ಕಚೇರಿ ಎಂದು ದಯವಿಟ್ಟು ಕೇಳಬೇಡಿ. ಜನ ಕೊಟ್ಟ ಅರ್ಜಿಗಳಿಗೆ ಹಿಂಬರಹ, ಅಂದರೆ ಉತ್ತರ, ಬರೆಯುವುದು ನನ್ನ ಕೆಲಸ. ಅರ್ಜಿ ಯಾವುದೇ ಇರಲಿ, ಹಿಂಬರಹದ ಕೊನೆಯ ಸಾಲು ಮಾತ್ರ ಒಂದೇ: "ಸದರಿ ವಿಷಯವನ್ನು ಖುದ್ದಾಗಿ ಪರಿಶೀಲಿಸಿ ಸೂಕ್ತ ಕ್ರಮ ಜರುಗಿಸಲಾಗುವುದು." ಇಪ್ಪತ್ತಾರು ವರ್ಷಗಳಿಂದ ಬರೆಯುತ್ತಿದ್ದೇನೆ. ಅದಕ್ಕೆ ತಲೆ ಬೇಕಾಗುವುದಿಲ್ಲ, ಕೈ ಸಾಕು. ಅಕ್ಷರವೇನೋ ಮುತ್ತು ಪೋಣಿಸಿದಂತಿದೆ. ಶಾಲೆಯಲ್ಲಿ ಅದಕ್ಕೆ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಬಂದಿತ್ತು. ಈಗ ಅದೇ ಅಕ್ಷರ ನನ್ನನ್ನು ಪೀಕಲಾಟಕ್ಕೆ ಸಿಕ್ಕಿಸಿದೆ.

ಅಕ್ಕನ ಊರು ತಳಕಲ್ ಕಡೆ. ಅವಳಿಗೆ ನಾಲ್ಕು ಎಮ್ಮೆ, ಒಂದು ಬೋರು, ಸಾಕಷ್ಟು ಬಾಯಿ. ಅವಳ ಹೊಲದ ಎದುರಿಗೇ ಮೆಕ್ಕೆಜೋಳದಿಂದ ಎಥೆನಾಲ್ ತೆಗೆಯುವ ಕಾರ್ಖಾನೆ ಬರುತ್ತದೆಂಬ ಸುದ್ದಿ ಹಬ್ಬಿತು. ಪೆಟ್ರೋಲಿಗೆ ಬೆರೆಸುವ ಈ ಇಂಧನ ದೇಶಕ್ಕೆ ಒಳ್ಳೆಯದು ಎಂದು ಸರ್ಕಾರದ ನೀತಿ ಹೇಳುತ್ತದೆ. ಆದರೆ ಕಾಳಿನ ಜೊತೆ ನೆಲದೊಳಗಿನ ನೀರನ್ನೂ ಆ ಕಾರ್ಖಾನೆ ಕುಡಿಯುತ್ತದೆ ಎಂದು ಕೊಪ್ಪಳದ ಪರಿಸರ ಹೋರಾಟಗಾರರು ಹಳ್ಳಿಹಳ್ಳಿ ತಿರುಗಿ ಹೇಳಿದ್ದರು. ಸೋಮವಾರ ಪ್ರವಾಸಿ ಮಂದಿರಕ್ಕೆ ಶಾಸಕರು ಬರುವವರಿದ್ದರು. ಎಲ್ಲರೂ ಸೇರಿ ಅವರಿಗೆ ಮನವಿ ಕೊಡುವುದೆಂದಾಯಿತು. ಭಾನುವಾರ ಬೆಳಿಗ್ಗೆ ರೊಟ್ಟಿಗಂಟು ಹಿಡಿದು ಅಕ್ಕ ನಮ್ಮ ಮನೆಗೆ ಬಂದಳು.

"ತಮ್ಮಾ, ನಿನ್ನ ಅಕ್ಷರ ಛಲೋ ಅದಾವು. ನಾಕು ಸಾಲು ಬರದು ಕೊಡು."

"ಅಕ್ಕಾ, ನಾ ಸರ್ಕಾರಿ ನೌಕರ. ಸರ್ಕಾರದ ನೀತಿ ವಿರುದ್ಧ ಬರದ್ರ ನನ್ನ ಮನಿಗೆ ಕಳಸ್ತಾರ."

"ಕಳಿಸಿದ್ರ ನನ್ನ ಮನಿಗೆ ಬಾ. ಎಮ್ಮಿ ಕಾಯ್ಕೋಂತ ಇರು. ಆದ್ರ ಬೋರ್ನ್ಯಾಗ ನೀರು ಇದ್ರ ಅಷ್ಟ ಎಮ್ಮಿ." ಆಮೇಲೆ ದನಿ ತಗ್ಗಿಸಿದಳು. "ಮದ್ಲ ನೀರು ಇಷ್ಟು ದಪ್ಪ ಬರ್ತಿತ್ತು," ಎಂದು ಮುಷ್ಟಿ ತೋರಿಸಿದಳು. "ಈಗ ಇಷ್ಟು," ಎಂದು ಕಿರುಬೆರಳು ತೋರಿಸಿದಳು. ಅಕ್ಕನಿಗೆ ಹೆದರಿಕೆಯಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂಕಟವಾಯಿತು.

ಬಾಗಿಲಿಗೆ ಚಿಲಕ ಹಾಕಿ ಕೂತೆ. ಗುರುತು ಸಿಗದಿರಲೆಂದು ಮೊದಲು ಎಡಗೈಯಲ್ಲಿ ಬರೆದೆ. "ಎಮ್ಮಿ ತುಳದಂಗಾಗ್ಯಾವು," ಎಂದು ಅಕ್ಕ ಹರಿದು ಒಗೆದಳು. ಕೊನೆಗೆ ಬಲಗೈಯಲ್ಲೇ ಬರೆದೆ. ಸುತ್ತಲಿನ ಬೋರುಗಳ ನೀರು ಅಳೆಯದೆ ಕಾರ್ಖಾನೆಗೆ ಅನುಮತಿ ಕೊಡಬಾರದು, ಉಣ್ಣುವ ಕಾಳಿನ ಬದಲು ಬದುವಿನ ಮೇಲೆ ಹೊಂಗೆ ಬೆಳೆದು ಎಣ್ಣೆ ತೆಗೆಯಲಿ, ನೀತಿ ತಿದ್ದಲು ಶಾಸಕರು ವಿಧಾನಸಭೆಯಲ್ಲಿ ಮಾತಾಡಲಿ. ನನ್ನೊಳಗೆ ಇಷ್ಟು ಧೈರ್ಯವಂತ ಒಬ್ಬನಿದ್ದನೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಗಟ್ಟಿಯಾಗಿ ಕೂಗಿದರು. ಧೈರ್ಯವಂತ ಓಡಿಹೋದ. ಗಡಿಬಿಡಿಯಲ್ಲಿ ಕೊನೆಯ ಸಾಲು ಗೀಚಿ, ತಿರುಗಿ ಓದದೆ ಅಕ್ಕನ ಕೈಗೆ ತುರುಕಿದೆ. ಕೂಗಿದವನು ಈರುಳ್ಳಿ ಮಾರುವವನು.

ಸೋಮವಾರ ರಜೆ ಹಾಕಿ ಮಲಗಬೇಕೆಂದಿದ್ದೆ. ನಮ್ಮ ಸಾಹೇಬರು "ಫೈಲ್ ಹಿಡ್ಕೊಂಡು ಬರ್ರಿ" ಎಂದು ಪ್ರವಾಸಿ ಮಂದಿರಕ್ಕೇ ಕರೆದೊಯ್ದರು. ಅವರ ಬೆನ್ನ ಹಿಂದೆ ನಿಂತು ಫೈಲಿನಿಂದ ಅರ್ಧ ಮುಖ ಮುಚ್ಚಿಕೊಂಡೆ. ಅಕ್ಕ ಕೊಟ್ಟ ಮನವಿಯನ್ನು ಶಾಸಕರು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಹೋರಾಟಗಾರರು ತಲೆದೂಗಿದರು. ಕೊನೆಗೆ ಬಂದರು: "ಸದರಿ ವಿಷಯವನ್ನು ಖುದ್ದಾಗಿ ಪರಿಶೀಲಿಸಿ ಸೂಕ್ತ ಕ್ರಮ ಜರುಗಿಸಲಾಗುವುದು."

ಶಾಸಕರು ಹೊಟ್ಟೆ ಕುಲುಕಿಸಿ ನಕ್ಕರು. "ಏನವ್ವಾ, ಮನವಿನೂ ನಿಮ್ದ, ಉತ್ತರಾನೂ ನಿಮ್ದ! ನನಗೇನು ಕೆಲಸ ಉಳಿಸೀರಿ?"

ಮಂದಿಯೂ ನಕ್ಕರು. ತಿಂಗಳುಗಟ್ಟಲೆ ತಿರುಗಿದ್ದ ಹೋರಾಟಗಾರರ ಮುಖ ಬಾಡಿತು. ಅವರ ಶ್ರಮವನ್ನೂ ಅಕ್ಕನ ನೀರನ್ನೂ ನನ್ನ ಹಾಳು ಕೈ ಒಂದೇ ಸಾಲಿನಲ್ಲಿ ಮುಳುಗಿಸಿತಲ್ಲ ಎಂದು ಫೈಲನ್ನು ಕಣ್ಣಿನವರೆಗೆ ಏರಿಸಿದೆ. ಅಕ್ಕ ಮಾತ್ರ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹೌದ್ರಿ ಸಾಹೇಬ್ರ. ಇಷ್ಟು ವರ್ಷ ನೀವು ಪರಿಶೀಲಿಸ್ತೀವಿ ಅಂದ್ರಿ, ನಾವು ಕಾದ್ವಿ. ಈ ಸಲ ನಾವ ಬೋರಿನ ನೀರು ಅಳೀತೀವ್ರಿ. ಜೋಡಿ ಒಬ್ಬ ಸರ್ಕಾರಿ ಮನಷ್ಯಾನ್ನ ಕೊಡ್ರಿ. ಅಳದದ್ದು ನೀವು ಸಭಾದಾಗ ಓದ್ರಿ."

ಸುತ್ತ ಹತ್ತಾರು ಮೊಬೈಲುಗಳು ಎದ್ದಿದ್ದವು. ಶಾಸಕರು ನಗು ನಿಲ್ಲಿಸಿ ಮನವಿಯ ಮೇಲೆ "ಒಪ್ಪಿದೆ" ಎಂದು ಬರೆದು ನಮ್ಮ ಸಾಹೇಬರಿಗೆ ಕೊಟ್ಟರು. ಸಾಹೇಬರು ಅಕ್ಷರ ನೋಡಿದರು. ನಿಧಾನವಾಗಿ ಹಿಂದೆ ತಿರುಗಿ ನನ್ನನ್ನು ನೋಡಿದರು. "ಇದನ್ನ ಬರದವ್ರ ನೀರು ಅಳ್ಯಾಕ ಹೋಗ್ಲಿ," ಎಂದರು. ನೋಟಿಸು ಬರುತ್ತದೆಂದು ಇವತ್ತಿಗೂ ಕಾಯುತ್ತಿದ್ದೇನೆ. ಬಂದಿಲ್ಲ. ಬಾರದಿರುವುದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಈಗ ವಾರದಿಂದ ಅಕ್ಕನ ಹಿಂದೆ ಹೊಲ ತಿರುಗುತ್ತ, ಕಲ್ಲು ಕಟ್ಟಿದ ಹಗ್ಗವನ್ನು ಬೋರಿಗೆ ಇಳಿಸಿ, ಎಷ್ಟು ಆಳಕ್ಕೆ ನೀರು ಸಿಕ್ಕಿತೆಂದು ಬರೆದುಕೊಳ್ಳುತ್ತಿದ್ದೇನೆ. ಅಕ್ಕನ ಬೋರಿನಲ್ಲಿ ಹಗ್ಗ ತುದಿಯಲ್ಲಷ್ಟೇ ಒದ್ದೆಯಾಯಿತು. ಅವಳು ಆ ಒದ್ದೆಯನ್ನು ಮುಟ್ಟಿ ನೋಡಿ ಮುಂದಿನ ಹೊಲಕ್ಕೆ ನಡೆದಳು. ಅಲ್ಲಿಯ ಯಜಮಾನರು ನನ್ನ ಹಗ್ಗ, ಪುಸ್ತಕ ಎಲ್ಲ ದಿಟ್ಟಿಸಿ ನೋಡಿ ಗುಡಿಸಲೊಳಗೆ ಹೋದರು. ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಹಳದಿ ಕಾಗದವೊಂದನ್ನು ತಂದು ಬಿಚ್ಚಿದರು. ಬೋರು ಬತ್ತಿದೆ, ಬಂದು ನೋಡಿ ಎಂದು ಯಾವ ಕಾಲದಲ್ಲೋ ಕೊಟ್ಟ ಅರ್ಜಿಗೆ ಬಂದ ಹಿಂಬರಹ. ಕೊನೆಯ ಸಾಲು ಓದುವ ಅಗತ್ಯವಿರಲಿಲ್ಲ. ಅಕ್ಷರ ಮುತ್ತು ಪೋಣಿಸಿದಂತಿತ್ತು.

"ಇದನ್ನ ನೋಡಾಕ ಬಂದೀರೇನ್ರಿ?" ಎಂದು ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಸಂತೋಷವಿತ್ತು. "ಬರ್ತಾರ ಅಂತ ನಾ ಹೇಳ್ತಿದ್ದೆ, ಮನ್ಯಾಗ ಯಾರೂ ನಂಬಿದ್ದಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದ್ರಿ," ಎಂದು ಹಗ್ಗ ಇಳಿಸಿದೆ.