ಮೇಲಿನ ಡೆಕ್ಕು, ಎಡಗಡೆ

ನನ್ನ ನ್ಯಾಯಪ್ರೇಮದ ಪರಿಣಾಮವನ್ನು ಅನುಭವಿಸಿದವಳು ನನ್ನ ಹೆಂಡತಿ ಗಿರಿಜಾ. ಪ್ರವಾಸದ ಕಂಪನಿಯವರಲ್ಲ, ಸಹಪ್ರವಾಸಿಗಳಲ್ಲ, ಇಟಲಿಯ ದಕ್ಷಿಣದ ಸಮುದ್ರದಲ್ಲಿ ನಿಶ್ಚಿಂತೆಯಿಂದ ಮಲಗಿರುವ ಕಾಪ್ರಿ ದ್ವೀಪವಂತೂ ಅಲ್ಲವೇ ಅಲ್ಲ. ಆ ದ್ವೀಪಕ್ಕೆ ಬೆಳಗ್ಗೆ ಫೆರಿ ಹಡಗಿನಲ್ಲಿ ಹೋಗಿ ಸಂಜೆ ಮರಳುವ ಒಂದೇ ಒಂದು ದಿನವನ್ನು ಅವಳು ತನಗಾಗಿ ಎತ್ತಿಟ್ಟುಕೊಂಡಿದ್ದಳು. ಅದನ್ನು ಅವಳ ಕೈಯಿಂದ ತೆಗೆದು ಸಾರ್ವಜನಿಕರಿಗೆ ಹಂಚಿದವನು ನಾನು. ಹಂಚುವಾಗ ಚಪ್ಪಾಳೆಯೂ ಬಿತ್ತು. ಬಹಳಷ್ಟು ಅನ್ಯಾಯಗಳು ಚಪ್ಪಾಳೆಯ ನಡುವೆಯೇ ನಡೆಯುತ್ತವೆ ಎಂದು ವರ್ಷಗಟ್ಟಲೆ ಭಾಷಣಗಳಲ್ಲಿ ಹೇಳುತ್ತ ಬಂದ ನನಗೆ ಅಂದು ಮಾತ್ರ ಆ ವಾಕ್ಯ ನೆನಪಾಗಲಿಲ್ಲ.

ನನ್ನ ಸ್ವಭಾವದ ಬಗ್ಗೆ ಎರಡು ಮಾತು ಹೇಳದೆ ಮುಂದುವರಿಯುವುದು ಓದುಗರಿಗೆ ಮಾಡುವ ವಂಚನೆಯಾದೀತು. ನಾನು ಓದಿದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಇರಲಿಲ್ಲ. ಅದರ ಬದಲಿಗೆ ಪತ್ರಿಕೆಯ ವಾಚನವಿತ್ತು. ವಾಚನ ಮುಗಿದ ಮೇಲೆ ಮಾಸ್ತರರು ಕನ್ನಡಕ ತೆಗೆದು, “ಹೇಳ್ರಿ, ಇವತ್ತು ಯಾರಿಗೆ ಅನ್ಯಾಯ ಆಗೇದ?” ಎಂದು ಕೇಳುತ್ತಿದ್ದರು. ನಾವು ಕೈ ಎತ್ತಿ ಹೇಳಬೇಕು. ಅನ್ಯಾಯವೇ ಕಾಣದ ದಿನ ನಮ್ಮ ಓದು ಸಾಲದು ಎಂದರ್ಥ. ಈ ಶಿಕ್ಷಣದ ಫಲವಾಗಿ ನಾನು ಮದುವೆ ಮನೆಯಲ್ಲಿ ಅಡುಗೆಯವರ ಕೆಲಸದ ವೇಳೆಯನ್ನು ವಿಚಾರಿಸುತ್ತೇನೆ. ಲಿಫ್ಟಿನಲ್ಲಿ ನಿಂತವರಿಗೆಲ್ಲ ಪರವಾನಗಿಯ ಅವಧಿ ಓದಿ ಹೇಳುತ್ತೇನೆ. ಒಮ್ಮೆ ಗಿರಿಜಾಳೊಂದಿಗೆ ಖುಲ್ತಾಬಾದಿಗೆ ಹೋಗಿದ್ದೆ. ದರ್ಗಾದ ದಾರಿಯಲ್ಲಿ ಯಾರೋ ಅಡ್ಡಾದಿಡ್ಡಿ ಕಾರು ನಿಲ್ಲಿಸಿದ್ದರು. ಆಂಬ್ಯುಲೆನ್ಸ್ ಬಂದರೆ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಾನು ನಡುರಸ್ತೆಯಲ್ಲಿ ನಿಂತು ವಾಹನಗಳನ್ನು ಸಾಲಿಗೆ ತರುವಷ್ಟರಲ್ಲಿ ಅವಳು ಊರೆಲ್ಲ ನೋಡಿ ಬಂದಿದ್ದಳು. ಕೈಯಲ್ಲಿ ಪೇರಲ ಹಣ್ಣಿತ್ತು, ಅರ್ಧ ತಿಂದದ್ದು. ಉಳಿದರ್ಧವನ್ನು ಉಪ್ಪು ಖಾರ ಹಚ್ಚಿ ನನಗೆಂದು ಎಲೆಯಲ್ಲಿ ಸುತ್ತಿ ಇಟ್ಟಿದ್ದಳು. ಆಂಬ್ಯುಲೆನ್ಸ್ ಬರಲಿಲ್ಲ. ಪೇರಲ ಬಹಳ ಸಿಹಿಯಿತ್ತು.

ಗಿರಿಜಾ ಬ್ಯಾಂಕಿನ ಅಧಿಕಾರಿ. ಭಾಲ್ಕಿಯ ಹುಡುಗಿ; ವರ್ಗಾವಣೆಯ ಮೇಲೆ ಮಹಾರಾಷ್ಟ್ರಕ್ಕೆ ಬಂದು ಈಗ ನಾಸಿಕದಲ್ಲಿದ್ದಾಳೆ. ನಾನು ಛತ್ರಪತಿ ಸಂಭಾಜಿನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಚಿಕಲಠಾಣಾದ ಬಾಡಿಗೆ ಮನೆಯಲ್ಲಿ ನೆತ್ತಿಯ ಮೇಲೆ ಹಾರುವ ವಿಮಾನಗಳ ಸದ್ದಿನ ವಿರುದ್ಧ ಅರ್ಜಿ ಬರೆಯುತ್ತ ಇದ್ದೇನೆ. ಶನಿವಾರ ಸಂಜೆ ನಾನು ಅಲ್ಲಿಗೆ ಹೋಗುವುದು, ಇಲ್ಲವೇ ಅವಳು ಇಲ್ಲಿಗೆ ಬರುವುದು. ಸೋಮವಾರ ಬೆಳಗಾದರೆ ಒಬ್ಬರು ಇನ್ನೊಬ್ಬರನ್ನು ಬಸ್ಸಿಗೆ ಹತ್ತಿಸುವುದು. ಗಂಡಹೆಂಡಿರನ್ನು ಒಂದೇ ಊರಿನಲ್ಲಿ ಇಡದ ವರ್ಗಾವಣೆ ಪದ್ಧತಿಯ ವಿರುದ್ಧ ನಾನು ಹೋರಾಡದ ವೇದಿಕೆಯಿಲ್ಲ. ಆ ಹೋರಾಟದ ಸಭೆಗಳು ಹೆಚ್ಚಾಗಿ ಭಾನುವಾರವೇ ಇರುತ್ತಿದ್ದವು ಎಂಬುದನ್ನು ಮಗಳು ಮಾನಸಿ ಒಮ್ಮೆ ತೋರಿಸಿಕೊಟ್ಟಳು. ಪುಣೆಯಲ್ಲಿ ಓದುವ ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ನಾಲಿಗೆ ಮರಾಠಿಯ ಕಡೆಗೇ ಹೊರಳುತ್ತದೆ. “ಅಪ್ಪಾ, ಆಯಿ ಸಂಗಡ ಇರಬೇಕು ಅಂತ ನೀ ಮೋರ್ಚಾ ಕಾಡ್ತಿ, ಆಯಿ ಮನೀನಲ್ಲಿ ಎಕಟೀ ಕೂಡ್ತಾಳೆ,” ಎಂದಳು. ‘ಮೋರ್ಚಾ ಕಾಡ್ತಿ’ ಅಲ್ಲ ‘ಮಾಡ್ತಿ’, ‘ಎಕಟೀ’ ಅಲ್ಲ ‘ಒಬ್ಬಳೇ’ ಎಂದು ಅವಳ ವ್ಯಾಕರಣವನ್ನು ನಾನು ತಿದ್ದಿದೆ.

ಇಟಲಿಯ ಪ್ರವಾಸವನ್ನು ಆರಿಸಿದವಳು ಗಿರಿಜಾ. ನಾಸಿಕದ ಒಂದು ಸಣ್ಣ ಕಂಪನಿ; ಅಡುಗೆಯವರನ್ನೂ ಜೊತೆಗೇ ಒಯ್ಯುತ್ತದೆ, ಗೈಡು ಬಣ್ಣದ ಝೆಂಡಾ ಹಿಡಿದು ಮುಂದೆ ನಡೆಯುತ್ತಾನೆ, ಉಳಿದವರು ಹಿಂದೆ. ಆದರೆ ನೇಪಲ್ಸ್ ಊರಿನಲ್ಲಿ ಒಂದು ದಿನ ಪೂರ್ತಿ ಖಾಲಿ. ಅವಳಿಗೆ ಬೇಕಾದದ್ದು ಆ ಖಾಲಿಯೇ. ಅಲ್ಲಿಂದ ಕಾಪ್ರಿಗೆ ಫೆರಿ ಇದೆ ಎಂದು ಅವಳು ಕಂಡುಕೊಂಡಿದ್ದಳು. ರಾತ್ರಿ ಫೋನಿನಲ್ಲಿ ಅದೇ ಮಾತು. ಹೋಗುವಾಗ ಎಡಗಡೆಗೆ ಬೆಂಕಿ ಉಗುಳಿದ ಆ ಹಳೆಯ ಬೆಟ್ಟ ಕಾಣುತ್ತದಂತೆ. ಕೆಳಗೆ ಗಾಜಿನ ಕಿಟಕಿಗೆ ಉಪ್ಪುನೀರು ಹೊಡೆದು ಏನೂ ಕಾಣುವುದಿಲ್ಲವಂತೆ. ಆದ್ದರಿಂದ ಮೇಲಿನ ಡೆಕ್ಕು, ಎಡಗಡೆ. ದ್ವೀಪದ ತುದಿಯ ಬೆಟ್ಟಕ್ಕೆ ತಂತಿಯ ಮೇಲೆ ತೂಗುವ ಕುರ್ಚಿಗಳಲ್ಲಿ ಕೂತು ಹೋಗಬಹುದು ಎಂದು ನಾನು ಓದಿ ಹೇಳಿದೆ.

“ಜೋಡಿ ಕುರ್ಚಿ ಅವ ಏನ್ರಿ?” ಎಂದು ಕೇಳಿದಳು.

“ಇಲ್ಲ. ಒಂದು ಕುರ್ಚಿಗೆ ಒಬ್ಬರೇ. ಒಬ್ಬರ ಹಿಂದೆ ಒಬ್ಬರು.”

“ಅದು ನಮಗ ರೂಢಿ ಅದ ಬಿಡ್ರಿ. ಅದಕ್ಕ ಅಷ್ಟು ದೂರ ಯಾಕ ಹೋಗಬೇಕು?” ಎಂದು ನಕ್ಕಳು. “ನಾವು ಸುಮ್ನ ಹಡಗಿನ್ಯಾಗ ಕೂತು ಹೋಗಿ, ಹಡಗಿನ್ಯಾಗ ಕೂತು ಬರಾಮ್. ಅವತ್ತು ಝೆಂಡಾ ಹಿಡ್ಯಾವ್ರು ಯಾರೂ ಇರಂಗಿಲ್ಲ.”

ಆ ಮಾತನ್ನು ನಾನು ಕೇಳಿದೆ. ಅದರ ತೂಕ ನನಗೆ ತಿಳಿಯಲಿಲ್ಲ.

ಪ್ರವಾಸಕ್ಕೆ ಮುಂಚೆ ಕಂಪನಿಯವರು ನಾಸಿಕದಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿದರು. ಅವರ ಮಾತುಗಾರ ಹುಡುಗ ಆ ಖಾಲಿ ದಿನದ ಬಗ್ಗೆ, “ಅವತ್ತು ನೀವು ನಿಮ್ಮಿಷ್ಟದಂತೆ ಸುಖಪಡಿ,” ಎಂದ. ನನ್ನೊಳಗಿನ ಶಾಲೆ ಎದ್ದು ನಿಂತಿತು. ವೇಳಾಪಟ್ಟಿ ಓದಬಲ್ಲವರಿಗೆ ದ್ವೀಪ, ಓದಲಾಗದವರಿಗೆ ಹೊಟೇಲಿನ ಕೋಣೆ, ಇದು ಯಾವ ಸೀಮೆಯ ಸಮಾನತೆ ಎಂದು ಕೇಳಿದೆ. ಸ್ವಾತಂತ್ರ್ಯದ ಹೆಸರಿನಲ್ಲಿ ಕಂಪನಿಯು ತನ್ನ ಹೊಣೆಯನ್ನು ಮಂಡಿನೋವಿನ ಹಿರಿಯರ ಮೇಲೆ ಹೊರಿಸುತ್ತಿದೆ ಎಂದೆ. ಮುಂದಿನ ಸಾಲಿನಲ್ಲಿದ್ದ, ಗುಂಪಿಗೆಲ್ಲ ಚಿಕ್ಕಮ್ಮನಂತಿದ್ದ ವೈಜಾಪುರದ ಸುಲೋಚನಾ ಕಾಕೂ ತಮ್ಮ ಮಂಡಿಯನ್ನು ಎಲ್ಲರಿಗೂ ಕಾಣುವಂತೆ ಒತ್ತಿಕೊಂಡರು. ಎಲ್ಲರನ್ನೂ ಕಾಪ್ರಿಗೆ ಕರೆದೊಯ್ಯುವ ಹೊಣೆ ನಮ್ಮದು ಎಂದು ನಾನು ಘೋಷಿಸಿದೆ. ಆಗಲೇ ಆ ಚಪ್ಪಾಳೆ. ಗಿರಿಜಾ ಕೂಡ ತಟ್ಟಿದಳು. ಎರಡು ಸಲ ತಟ್ಟಿ, ಚೀಲದ ಜಿಪ್ಪು ಸರಿಯಿದೆಯೇ ಎಂದು ನೋಡತೊಡಗಿದಳು. ಸಭೆಯ ಬೆಂಬಲ ಸರ್ವಾನುಮತದ್ದು ಎಂದು ನಾನು ಭಾವಿಸಿದೆ. ಸಂಚಾಲಕನಾಗಿ ನನ್ನ ಆಯ್ಕೆಯಾಯಿತು.

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ವೈಜಾಪುರದಲ್ಲಿ ಕಳೆದವು. ಎರಡೂ ಊರುಗಳಿಂದ ಬರುವವರಿಗೆ ಅದು ದಾರಿಯ ನಡುವೆ; ಸುಲೋಚನಾ ಕಾಕೂ ಅವರ ಮನೆಯ ಪಡಸಾಲೆಯೂ ದೊಡ್ಡದು. ಕಾಕೂ ಹುಟ್ಟಿದ್ದು ಆಳಂದದಲ್ಲಿ, ಬಾಳುವೆ ಮಾಡಿದ್ದು ವೈಜಾಪುರದ ಕಾಳುಕಡಿ ವ್ಯಾಪಾರಿಗಳ ಮನೆಯಲ್ಲಿ. ನಮ್ಮಿಬ್ಬರನ್ನು ಬಿಟ್ಟರೆ ಆ ಗುಂಪಿನಲ್ಲಿ ಕನ್ನಡ ಬಲ್ಲವರು ಅವರೊಬ್ಬರೇ. ಸಭೆ ನಡೆಯುವುದು ಮರಾಠಿಯಲ್ಲಿ. ಆದರೂ ಭಾಷೆಯ ಕಾರಣದಿಂದ ಯಾರ ಬಾಯಿಯೂ ಕಟ್ಟಬಾರದೆಂದು ನಾನೊಂದು ನಿಯಮ ತಂದಿದ್ದೆ: ಯಾರು ಬೇಕಾದರೂ ತಮ್ಮ ಮನೆಮಾತಿನಲ್ಲಿ ಮಾತಾಡಬಹುದು, ಅದನ್ನು ಉಳಿದವರಿಗೆ ಅನುವಾದಿಸುವ ಹೊಣೆ ಅಧ್ಯಕ್ಷನದು. ಅಧ್ಯಕ್ಷ ಎಂದರೆ ನಾನು. ಈ ನಿಯಮದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಚರ್ಚೆಗಳು ಆಳವಾಗಿದ್ದವು. ದ್ವೀಪದ ನೀಲಿ ಗವಿಯೊಳಗೆ ಪ್ರವಾಸಿಗರು ದೋಣಿಯಲ್ಲಿ ಅಂಗಾತ ಮಲಗಬೇಕು, ಅಂಬಿಗ ಹುಟ್ಟು ಹಾಕಬೇಕು. ಒಬ್ಬ ಮನುಷ್ಯ ಮಲಗಿರುವಾಗ ಇನ್ನೊಬ್ಬ ದುಡಿಯುವುದು ಜಮೀನ್ದಾರಿ ಪದ್ಧತಿಯ ಅವಶೇಷವಾದ್ದರಿಂದ ಗವಿಯನ್ನು ಬಹಿಷ್ಕರಿಸಬೇಕೆಂದು ನಾನು ಸೂಚಿಸಿದೆ.

“ಅಲ್ರಿ ಸರ್,” ಎಂದರು ಕಾಕೂ, “ನೀವು ಬಹಿಷ್ಕಾರ ಹಾಕಿ ಮ್ಯಾಲ ಕೂತ್ರ, ಅಂವ ಮನಿಗೆ ಹೋಗಿ ಏನ್ ಉಣಬೇಕು? ನಿಮ್ಮ ಭಾಷಣ?”

ಬಹಿಷ್ಕಾರವನ್ನು ಹಿಂತೆಗೆದುಕೊಂಡೆ. ಬಳಿಕ ಬುತ್ತಿಗೆ ಥಾಲಿಪೀಠವೋ ಶೇಂಗಾ ಹಿಂಡಿಯೊಡನೆ ರೊಟ್ಟಿಯೋ ಎಂಬ ವಿಷಯಕ್ಕೆ ಇಡೀ ಒಂದು ಭಾನುವಾರ ಹೋಯಿತು. ಜನ ಚದುರಿ ಹೋಗದಂತೆ ನಮಗೂ ಒಂದು ಝೆಂಡಾ ಬೇಕೆಂದು ತೀರ್ಮಾನವಾಯಿತು. “ಯಾರು ಹಿಡೀತಾರ?” ಎಂದು ಗಿರಿಜಾ ಕೇಳಿದಳು. “ಇನ್ಯಾರು, ನಾನೇ,” ಎಂದೆ. ಅವಳು ಎದ್ದು ಒಳಗೆ ಹೋಗಿ ಕಾಕೂ ಜೊತೆ ಎಲ್ಲರಿಗೂ ಚಹಾ ತಂದಳು. ನನ್ನ ಬಟ್ಟಲಿಗೆ ಎಂದಿನಂತೆ ಸಕ್ಕರೆ ಕಡಿಮೆ ಹಾಕಿದ್ದಳು.

ಕೊನೆಯ ಸಭೆಯಲ್ಲಿ ಫೆರಿಯಲ್ಲಿ ಯಾರು ಎಲ್ಲಿ ಕೂಡಬೇಕೆಂಬುದು ಇತ್ಯರ್ಥವಾಗಬೇಕಿತ್ತು. ನಾನು ನ್ಯಾಯವಾದ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿದ್ದೆ. ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಡೆಕ್ಕು. ಅವರಲ್ಲಿ ಪ್ರತಿಯೊಬ್ಬರಿಗೂ ಗಟ್ಟಿಯಾಗಿರುವವರೊಬ್ಬರ ಜೊತೆ. ಅದರಂತೆ ಗಿರಿಜಾ ಸುಲೋಚನಾ ಕಾಕೂ ಪಕ್ಕದಲ್ಲಿ, ಕೆಳಗೆ, ಬಲಗಡೆ. ನಾನು ನಾಸಿಕದ ಕಿವಿ ಮಂದವಾದ ನಿವೃತ್ತ ಇಂಜಿನಿಯರರ ಪಕ್ಕದಲ್ಲಿ, ಕೆಳಗೆ, ಬಾಗಿಲ ಬಳಿ. ಎಲ್ಲರೂ ತಲೆದೂಗಿದರು. ಸಭೆ ಮುಗಿಸುವ ಮುನ್ನ ನಾನು ಎಂದೂ ತಪ್ಪಿಸದ ಪ್ರಶ್ನೆಯೊಂದಿದೆ. ಅದು ನನ್ನ ಮಾಸ್ತರರ ಆಸ್ತಿ. ಕನ್ನಡಕ ತೆಗೆದು ಕೇಳಿದೆ: “ಈ ಯೋಜನೆಯಿಂದ ಯಾರಿಗಾದರೂ ಅನ್ಯಾಯವಾಗುತ್ತಿದೆಯೇ?” ಈ ಪ್ರಶ್ನೆಗೆ ಇದುವರೆಗೆ ಯಾರೂ ಕೈ ಎತ್ತಿದ್ದಿಲ್ಲ. ಕೇಳಿದ ಕೂಡಲೇ ನಾನು ಕನ್ನಡಕ ಹಾಕಿಕೊಳ್ಳುವುದು ವಾಡಿಕೆ.

ಹಾಕಿಕೊಂಡಾಗ ಒಂದು ಕೈ ಕಂಡಿತು. ಗಿರಿಜಾಳದು.

“ಹೇಳಿ, ಗಿರಿಜಾ ಅವರೇ,” ಎಂದೆ. ಸಭೆಯಲ್ಲಿ ನಾನು ಹೆಂಡತಿಗೂ ಬಹುವಚನವನ್ನೇ ಬಳಸುತ್ತೇನೆ.

ಅವಳ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ದಿನವಿಡೀ ಗ್ರಾಹಕರೊಂದಿಗೆ ಅದರಲ್ಲೇ ಮಾತಾಡುತ್ತಾಳೆ. ಅಂದು ಮಾತ್ರ ಕನ್ನಡದಲ್ಲಿ ಹೇಳಿದಳು: “ನನಗ ಆಗ್ಯಾದ್ರಿ. ಆ ದಿನ ನಂದಿತ್ತು. ವಾರಕ್ಕೊಮ್ಮಿ ಬರ್ತೀರಿ, ಬಂದಾಗೂ ಯಾರದರ ಅರ್ಜಿ ಹಿಡ್ಕೊಂಡೇ ಬರ್ತೀರಿ. ಒಂದು ದಿನ ನೀವು ಯಾರಿಗೂ ಏನೂ ಆಗಿರಬಾರ್ದು, ಸುಮ್ನ ನನ್ನ ಬಾಜೂಕ ಕೂಡಬೇಕು ಅಂತ ಆಸೆ ಇತ್ತು. ಅಷ್ಟೇ.”

ಪಡಸಾಲೆಯಲ್ಲಿದ್ದ ಎಲ್ಲರೂ ನನ್ನ ಕಡೆ ನೋಡಿದರು. ನಿಯಮ ನನ್ನದೇ, ಅನುವಾದಿಸಬೇಕು. ಅಧ್ಯಕ್ಷನಿಗೆ ತಕ್ಕ ಧ್ವನಿಯಲ್ಲಿ, ಆಸನ ವ್ಯವಸ್ಥೆಯ ಬಗ್ಗೆ ಸದಸ್ಯೆಯೊಬ್ಬರು ಒಂದು ಸಲಹೆ ನೀಡಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದೆ.

“ಸರ್,” ಎಂದರು ಸುಲೋಚನಾ ಕಾಕೂ ಕನ್ನಡದಲ್ಲೇ, “ಆಳಂದ ಬಿಟ್ಟು ಬಂದು ಭಾಳ ವರ್ಷ ಆಯ್ತು, ಖರೆ. ಆದ್ರ ನನಗ ಇನ್ನೂ ಅಷ್ಟು ಕನ್ನಡ ಬರ್ತದ. ಆಕಿ ಹೇಳಿದ್ದು ಅದಲ್ಲ. ಪೂರಾ ಹೇಳ್ರಿ.”

ಪೂರ್ತಿ ಹೇಳಿದೆ. ನನ್ನ ಮೇಲಿನ ದೂರನ್ನು ನಾನೇ, ಒಂದೊಂದು ವಾಕ್ಯವಾಗಿ, ಪರಭಾಷೆಗೆ ದಾಟಿಸಿದೆ. ‘ಬಾಜೂಕ ಕೂಡಬೇಕು’ ಎಂಬಲ್ಲಿಗೆ ಬಂದಾಗ ನಿಲ್ಲಬೇಕಾಯಿತು. ಅದಕ್ಕೆ ಮರಾಠಿಯಲ್ಲಿ ಮಾತಿಲ್ಲವೆಂದಲ್ಲ. ಇಷ್ಟು ಸಣ್ಣ ಬೇಡಿಕೆಯನ್ನು ನನ್ನ ಸಾರ್ವಜನಿಕ ಜೀವನದಲ್ಲಿ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಇಂಜಿನಿಯರರು ಕಿವಿಗೆ ಕೈ ಹಿಡಿದು “ಏನು? ಏನು?” ಎಂದು ಕೇಳಿದ್ದರಿಂದ ಅದನ್ನು ಎರಡನೆಯ ಸಲ, ಕೂಗಿ ಹೇಳಬೇಕಾಯಿತು.

ಸಂಚಾಲಕನನ್ನು ವಜಾ ಮಾಡಬೇಕು, ಅವನೂ ಅವನ ಹೆಂಡತಿಯೂ ಉಳಿದವರಿಗಿಂತ ಮುಂಚಿನ ಫೆರಿಯಲ್ಲಿ ಹೋಗಬೇಕು ಎಂದು ಕಾಕೂ ಸೂಚಿಸಿದರು. ಪೂರ್ವಸೂಚನೆ ಇಲ್ಲದೆ ಅಧ್ಯಕ್ಷನನ್ನು ತೆಗೆಯುವಂತಿಲ್ಲ ಎಂದು ನಾನು ಆಕ್ಷೇಪಿಸಿದೆ. ಆಪಾದಿತನೇ ಅಧ್ಯಕ್ಷತೆ ವಹಿಸುವಂತಿಲ್ಲ ಎಂದು ನನಗೇ ಹೊಳೆದು, ಕುರ್ಚಿ ಬಿಟ್ಟು ನೆಲದ ಮೇಲೆ ಗಿರಿಜಾಳ ಪಕ್ಕದಲ್ಲಿ ಕೂತೆ. ಕಾಕೂ ಮಂಡಿ ಒತ್ತಿಕೊಳ್ಳದೆ ಎದ್ದು ಬಂದು ಕುರ್ಚಿಯನ್ನೂ ಝೆಂಡಾವನ್ನೂ ವಶಪಡಿಸಿಕೊಂಡರು. ಸೂಚನೆಯ ಪರವಾಗಿ ಎಲ್ಲ ಕೈಗಳೂ ಎದ್ದವು. ಗಿರಿಜಾಳ ಕೈ ಎಲ್ಲಕ್ಕಿಂತ ನೆಟ್ಟಗಿತ್ತು. ಅವಳ ಇನ್ನೊಂದು ಕೈ, ಯಾರಿಗೂ ಕಾಣದಂತೆ, ನನ್ನ ಅಂಗಿಯ ತೋಳು ಹಿಡಿದಿತ್ತು.

ಸಂಜೆ ವೈಜಾಪುರದ ಬಸ್ ನಿಲ್ದಾಣಕ್ಕೆ ಬಂದೆವು. ಮರುದಿನ ಬೆಳಗ್ಗೆ ಇಬ್ಬರಿಗೂ ಕೆಲಸ. ಅವಳದು ನಾಸಿಕದ ಬಸ್ಸು, ನನ್ನದು ಎದುರು ದಿಕ್ಕಿನದು. ಅವಳ ಬಸ್ಸು ಮೊದಲು ಬಂತು. ಕಿಟಕಿಯ ಬಳಿ ಕೂತು, “ಮ್ಯಾಲಿನ ಡೆಕ್ಕು, ಎಡಗಡೆ. ಮರೀಬ್ಯಾಡ್ರಿ,” ಎಂದಳು. ಮರೆಯುವುದಿಲ್ಲ ಎಂದೆ. ಆದರೆ ನನ್ನ ಕಣ್ಣು ಅವಳ ಮುಖ ದಾಟಿ ಗೋಡೆಯ ಕಡೆ ಹೋಗಿತ್ತು. ಅಲ್ಲಿ ಒಂದು ನಲ್ಲಿ ಸೋರುತ್ತಿತ್ತು. ನೀರು ಬರುವ ದಿನಕ್ಕಾಗಿ ಕೊಡ ತೊಳೆದಿಟ್ಟು ಕಾಯುವ ನಗರದವನು ನಾನು. ಸೋರುವ ನಲ್ಲಿಯನ್ನು ನೋಡಿದರೆ ಎದೆ ಹಿಂಡುತ್ತದೆ. ಅವಳು ನನ್ನ ನೋಟ ಹಿಡಿದು ಹಿಂದೆ ತಿರುಗಿ ನೋಡಿದಳು.

“ಹೋಗ್ರಿ, ಬಂದ್ ಮಾಡಿ ಬರ್ರಿ. ಇಲ್ಲಂದ್ರ ನಿಮಗ ರಾತ್ರಿ ನಿದ್ದಿ ಹತ್ತಂಗಿಲ್ಲ,” ಎಂದಳು.

ನಾನು ನಲ್ಲಿ ತಿರುಗಿಸಿ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಗಿರಿಜಾ ಕಿಟಕಿಯಿಂದ ಮೊಣಕೈತನಕ ಕೈ ಹೊರಚಾಚಿ ಬೀಸುತ್ತಿದ್ದಳು. ಚಲಿಸುವ ವಾಹನದಿಂದ ಕೈ ಹೊರಗಿಡುವುದು ಅಪಾಯಕರ, ನಿಯಮಬಾಹಿರ ಕೂಡ. ನಾನು ಕಣ್ಣಾರೆ ಕಂಡೂ ಎತ್ತಿ ತೋರಿಸದೆ ಬಿಟ್ಟ ಮೊದಲ ತಪ್ಪು ಅದು. ಬಸ್ಸು ತಿರುವು ದಾಟುವವರೆಗೆ ನಾನೂ ಕೈ ಬೀಸುತ್ತ ನಿಂತೆ.

ಆದ್ದರಿಂದ ಈ ಎಲ್ಲಕ್ಕೂ ಹೊಣೆಗಾರನಾದ, ಸಂಭಾಜಿನಗರದ ಚಿಕಲಠಾಣಾ ನಿವಾಸಿಯಾದ ಮಾಜಿ ಸಂಚಾಲಕನಲ್ಲಿ ನನ್ನ ಒತ್ತಾಯ ಇಷ್ಟೇ. ಫೆರಿ ದಡ ಬಿಟ್ಟ ಗಳಿಗೆಯಿಂದ ಸಂಜೆ ಮರಳಿ ದಡ ಮುಟ್ಟುವವರೆಗೆ ಅವನು ಮೇಲಿನ ಡೆಕ್ಕಿನ ಎಡಗಡೆಯಲ್ಲಿ ಗಿರಿಜಾಳ ಪಕ್ಕ ಬಿಟ್ಟು ಏಳಕೂಡದು. ಹಡಗಿನಲ್ಲಿ ಏನೇ ಕಂಡರೂ ಯಾರಿಗೂ ಏನನ್ನೂ ಓದಿ ಹೇಳಕೂಡದು. ರೊಟ್ಟಿ ತಿನ್ನುವುದಕ್ಕೆ ಮತ್ತು ಅವಳಿಗೆ ಉತ್ತರಿಸುವುದಕ್ಕೆ ಮಾತ್ರ ಬಾಯಿ ತೆರೆಯತಕ್ಕದ್ದು. ಲೈಫ್ ಜಾಕೆಟ್ಟುಗಳ ತಪಾಸಣೆಯ ಮಟ್ಟಿಗೆ ವಿನಾಯಿತಿ ಕೊಡಬೇಕೆಂದು ಅವನು ನಿನ್ನೆ ರಾತ್ರಿ ಫೋನಿನಲ್ಲಿ ವಿನಂತಿಸಿಕೊಂಡ. ವಿನಂತಿಯನ್ನು ನಾಸಿಕದಲ್ಲಿ ತಿರಸ್ಕರಿಸಲಾಗಿದೆ.