ಕೊಡೆ ಹಿಡಿಯುವ ಭಾಗ್ಯ ಅವರೊಬ್ಬರಿಗೇ ಏಕೆ?

ವಾರಂಬೀ ಊರಿನ ಶಾಲೆಯ ಗೇಟಿನ ಪಕ್ಕದ ನೀಲಗಿರಿ ಮರದಲ್ಲಿ ಸಪರಿವಾರ ವಾಸವಾಗಿರುವ ಮಾನ್ಯ ಮ್ಯಾಗ್‌ಪೈ ಹಕ್ಕಿಯವರಿಗೆ, ಕಳೆದ ಶನಿವಾರದ ಪುರಸಭೆ ಚುನಾವಣೆಯಲ್ಲಿ ಸೋತ ಮರ್ಲೀನ್ ಟ್ವೀಡಿ ನೆತ್ತಿಯ ಬ್ಯಾಂಡೇಜು ಸರಿಪಡಿಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಶ್ರೀಮತಿಯವರೂ ಮರಿಗಳೂ ಕ್ಷೇಮವೆಂದು ನಂಬಿದ್ದೇನೆ. ವಸಂತ ಬಂತೆಂದರೆ ಗೂಡಿನ ರಕ್ಷಣೆಗಾಗಿ ದಾರಿಹೋಕರ ತಲೆಗೆ ಎರಗುವುದು ತಮ್ಮ ಕುಲಧರ್ಮ. ಅದನ್ನು ಪ್ರಶ್ನಿಸಲು ನಾನ್ಯಾರು? ನನ್ನ ದೂರಿರುವುದು ತಮ್ಮ ಕೊಕ್ಕಿನ ಮೇಲಲ್ಲ, ಅದರ ಪಕ್ಷಪಾತದ ಮೇಲೆ.

ಊರಿನ ಈಜುಕೊಳವನ್ನು ಮುಚ್ಚಗೊಡುವುದಿಲ್ಲ ಎಂದು ನಾನೂ, ರಸ್ತೆಗುಂಡಿ ಮೊದಲು ಎಂದು ಡೆಸ್ ಹಾರಿಗನ್ ಅವರೂ ಒಂದೇ ಸ್ಥಾನಕ್ಕೆ ನಿಂತಿದ್ದೆವು. ಕೆಸರೆರಚುವುದಿಲ್ಲ, ಸುಳ್ಳಾಡುವುದಿಲ್ಲ ಎಂದು ಬೇಕರಿಯ ಮುಂದೆ ಕೈಕುಲುಕಿದ್ದೆವು. ಮತದಾನದ ದಿನ, ಮತಗಟ್ಟೆಯಾಗಿದ್ದ ಇದೇ ಶಾಲೆಯ ಗೇಟಿನಲ್ಲಿ ಅಕ್ಕಪಕ್ಕದಲ್ಲೇ ನಿಂತು ಕರಪತ್ರ ಹಂಚತೊಡಗಿದಾಗ ತಾವು ಆಕಾಶದಿಂದ ದಯಮಾಡಿಸಿ ನನ್ನ ನೆತ್ತಿಯನ್ನಷ್ಟೇ ಆಯ್ದುಕೊಂಡಿರಿ. ಡೆಸ್ ದಿನಾ ಬೆಳಿಗ್ಗೆ ತಮಗೆ ಖೀಮಾ ಹಾಕುತ್ತಾರೆ, ತಾವು ಮುಖ ಮರೆಯುವವರಲ್ಲ.

"ಅಕ್ಕಾ, ಡೆಸ್ಸೇ ಖೀಮಾ ಹಾಕಿ ಹಕ್ಕೀನ ನಿನ್ ಮೇಲೆ ಛೂ ಬಿಟ್ಟಿದಾನೆ ಅಂತ ಓಟಿನ ಸಾಲಲ್ಲಿ ಒಂದ್ ಮಾತು ಹಬ್ಬಿಸ್ಬಿಡೆ, ಗೆದ್ದ ಹಾಗೇ!" ಎಂದಳು ತಂಗಿ ಗ್ಲೆನಿಸ್. "ಅವರು ಪ್ರೀತಿಗೆ ಹಾಕೋದು ಕಣೇ, ಬಾಯ್ಮುಚ್ಚು" ಎಂದೆ. ನನ್ನ ಈ ಸದ್ಗುಣವನ್ನು ಕೇಳಿಸಿಕೊಂಡವರು ಗ್ಲೆನಿಸ್ ಮತ್ತು ಕೊಂಬೆಯ ಮೇಲಿದ್ದ ತಾವು ಮಾತ್ರ.

ಡೆಸ್ ಅವರ ಸದ್ಗುಣವನ್ನಾದರೋ ಊರೇ ಕಂಡಿತು. ಅವರು ದೊಡ್ಡ ಕೊಡೆ ಬಿಚ್ಚಿ ನನ್ನ ತಲೆಗೆ ಹಿಡಿದರು. ನನ್ನೆರಡೂ ಕೈಗಳು ನೆತ್ತಿಯ ಮೇಲಿದ್ದವಾದ್ದರಿಂದ ನನ್ನ ಕರಪತ್ರಗಳನ್ನೂ ಅವರೇ ಹಂಚುತ್ತಾ, "ಈಯಮ್ಮ ಬರ್ದಿರೋದನ್ನೂ ಸ್ವಲ್ಪ ಓದ್ರಪ್ಪಾ, ಕೊಳದ ವಿಷಯ ಸರಿಯಾಗೇ ಹೇಳಿದಾರೆ" ಎಂದರು. ಶಾಲೆಯವರು ಸುಟ್ಟು ಮಾರುತ್ತಿದ್ದ ಸಾಸೇಜು ತಿನ್ನುತ್ತಾ ನಿಂತಿದ್ದ ಮತದಾರರ ಸಾಲು ಚಪ್ಪಾಳೆ ತಟ್ಟಿತು. ನನ್ನ ನೆರೆಮನೆಯ ಬೆರಿಲ್ ಮತ ಹಾಕಿ ಹೊರಗೆ ಬಂದವರೇ, "ನಿಂಗೇ ಹಾಕೋಣ ಅಂತ ಬಂದಿದ್ದೆ ಮರ್ಲೀನ್. ಆ ಕೊಡೆ ನೋಡಿದ ಮೇಲೆ ಕೈ ಬರ್ಲಿಲ್ಲ ಕಣಮ್ಮಾ. ಚೀಟೀಲಿ ಮೊದಲನೇ ನಂಬರು ಅವ್ರ ಹೆಸರಿಗೆ ಬರ್ದು, ಎರಡನೇ ನಂಬರು ನಿಂಗೇ ಕೊಟ್ಟಿದೀನಿ" ಎಂದು ಸಮಾಧಾನ ಹೇಳಿದರು. ಊರಿಗೆ ಊರೇ ನನಗೆ ಎರಡನೇ ನಂಬರು ಕೊಟ್ಟಿದೆ.

ನನಗೆ ಬೇಜಾರಾಗಿದೆ, ಸುಳ್ಳೇಕೆ ಹೇಳಲಿ? ಆದರೆ ಗೆದ್ದ ಡೆಸ್ ನಿನ್ನೆ ಮನೆಗೇ ಬಂದು, ಮೊದಲ ಸಭೆಯಲ್ಲೇ ಈಜುಕೊಳದ ಮಾತೆತ್ತುತ್ತೇನೆ, ನೀವೂ ಜೊತೆಗೆ ಬನ್ನಿ ಎಂದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಆದ್ದರಿಂದ ತಮ್ಮ ಮೇಲೆ ಮಾಡಿಕೊಂಡಿದ್ದೇನೆ.

ಮುಂದಿನ ಚುನಾವಣೆಯಲ್ಲಿ ತಾವು ದಯವಿಟ್ಟು ಡೆಸ್ ಅವರಿಗೂ ಒಮ್ಮೆ ಕುಕ್ಕಬೇಕು. ಜೋರಾಗಿ ಬೇಡ, ಒಳ್ಳೆಯ ಮನುಷ್ಯ. ಜನ ನೋಡುವಂತೆ ಕುಕ್ಕಿದರೆ ಸಾಕು. ಕೊಡೆ ನಾನು ತರುತ್ತೇನೆ.

ತಮ್ಮ ಕೊಕ್ಕಿಗೆ ಚಿರಪರಿಚಿತಳೂ ವಿಶ್ವಾಸಿಯೂ ಆದ
ಮರ್ಲೀನ್ ಟ್ವೀಡಿ

ತಾ.ಕ.: ಇಂದು ಬೆಳಿಗ್ಗೆ ಗೇಟಿನ ಕಂಬದ ಮೇಲಿಟ್ಟಿದ್ದ ಖೀಮಾ ನನ್ನದು. ಚುನಾವಣೆಗೆ ಇನ್ನೂ ನಾಲ್ಕು ವರ್ಷವಿರುವುದರಿಂದ ಅದನ್ನು ಯಾರೂ ಲಂಚವೆನ್ನಲಾರರು. ತಾವು ಅದನ್ನು ಪೂರ್ತಿ ತಿಂದು, ಆಮೇಲೆಯೂ ನನ್ನನ್ನು ಕುಕ್ಕಿದ್ದೀರಿ. ನಮ್ಮ ಊರಿನಲ್ಲಿ ಡೆಸ್‌ಗಿಂತ ಪ್ರಾಮಾಣಿಕರೊಬ್ಬರು ಇದ್ದಾರೆಂದು ಗೊತ್ತಿರಲಿಲ್ಲ.