ಅಕ್ಕನ ಮನೆಗೆ ವಿಮಾನದಲ್ಲಿ

ನಮ್ಮ ಮನೆಮಂದಿ ಎಲ್ಲಿಗಾದರೂ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ನನಗಂತೂ ನೆನಪಿಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಈಚೆಗೆ ವಿಮಾನ ಹತ್ತಿದೆವು. ಅಲ್ಲೂ ಬಿಡಲಿಲ್ಲ.

ನಾನು ಹೊರ್ತಿಯ ಕನ್ನಡ ಶಾಲೆಯಲ್ಲಿ ಟೀಚರ್, ಮನೆ ಇಂಡಿಯಲ್ಲಿ. ಹರೆಯಕ್ಕೆ ಬಂದ ನನ್ನ ಮಗನಿಗೆ ಆಟಿಸಂ ಇದೆ. ಗದ್ದಲ ಆಗದು, ಗುರುತಿಲ್ಲದವರು ಮುಟ್ಟಿದರೆ ಆಗದು, ಒಮ್ಮೆ ಕಲಿತ ಪದ್ಧತಿ ತಪ್ಪಿದರಂತೂ ಆಗಲೇ ಆಗದು. ಅವನಿಗೆ ಎಲ್ಲರಿಗಿಂತ ಬೇಕಾದವಳು ಅಕ್ಕ. ಅವಳು ಮದುವೆಯಾಗಿ ದಿಲ್ಲಿಗೆ ಹೋದಾಗಿನಿಂದ ಅವಳ ಕುರ್ಚಿಯಲ್ಲಿ ಇವನು ಯಾರನ್ನೂ ಕೂಡಗೊಡುವುದಿಲ್ಲ. ಅಳಿಯ ಸೈನ್ಯದಲ್ಲಿದ್ದಾನೆ, ಅವಳಿಗೆ ಕೈಗೂಸು, ಅವರು ಬರುವಂತಿರಲಿಲ್ಲ. ರೈಲಿನಲ್ಲಿ ಕರೆದೊಯ್ಯಲು ಹೋದೆವು. ಸೊಲ್ಲಾಪುರ ಸ್ಟೇಷನ್ನಿನ ಗದ್ದಲಕ್ಕೆ ಇವನು ಕಿವಿ ಮುಚ್ಚಿ ನೆಲಕ್ಕೆ ಕೂತವನು ಏಳಲಿಲ್ಲ, ಅಲ್ಲಿಂದಲೇ ವಾಪಸಾದೆವು. ಉಳಿದದ್ದು ವಿಮಾನ ಒಂದೇ. ಅದನ್ನೂ ಹತ್ತದಿದ್ದರೆ ಅಕ್ಕ-ತಮ್ಮ ಇನ್ನು ಭೇಟಿಯಾಗುವುದು ಯಾವಾಗಲೋ ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು.

೧. ಪಡಸಾಲೆಯ ವಿಮಾನ

ಸಿಂದಗಿಯಲ್ಲಿ ಇಂಥ ಮಕ್ಕಳಿಗೆ ಕಲಿಸುವ ಮೇಡಂ ಒಬ್ಬರಿದ್ದಾರೆ. “ಅಲ್ಲಿ ಏನೇನ್ ಆಗ್ತೈತಿ ಅನ್ನೂದನ್ನ ಮೊದಲ ಮನ್ಯಾಗ ಆಡಿ ತೋರಸ್ರಿ” ಎಂದರು. ಅವರಿಗೆ ಪುಣ್ಯ ಬರಲಿ. ಪಡಸಾಲೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟೆವು. ನಮ್ಮ ಅತ್ತೆ ಪ್ರಯಾಣಿಕರು, ನಮ್ಮವರು ಪೈಲಟ್, ನಾನು ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ತಪಾಸಣೆಯ ಪೊಲೀಸ್.

ಮಗನಿಗೆ ಈ ತಪಾಸಣೆ ಎಷ್ಟು ಹಿಡಿಸಿತೆಂದರೆ, ಲಟ್ಟಣಿಗೆ ತಾನೇ ಇಸಿದುಕೊಂಡ. ಅಲ್ಲಿಂದ ಅದೇ ಮನೆಯ ಕಾನೂನು. ಬಸವನ ಬಾಗೇವಾಡಿಯಿಂದ ಬಂದ ನಾದಿನಿ ಚಪ್ಪಲಿ, ಚೀಲ, ಮೊಬೈಲು ಎಲ್ಲ ಬುಟ್ಟಿಗೆ ಹಾಕಿ ಕೈ ಎತ್ತಿ ನಿಲ್ಲಬೇಕಾಯಿತು. “ನಮ್ಮಪ್ಪನ ಮನಿಗೆ ಬರಾಕ ನನಗ ಚೆಕಿಂಗ್ ಏನ?” ಎಂದು ಬೈದಳು, ಆದರೆ ಕೈ ಇಳಿಸಲಿಲ್ಲ. ಸುದ್ದಿ ಓಣಿಗೆಲ್ಲ ಹಬ್ಬಿತು. ಕರೆಂಟಿನ ಮೀಟರ್ ನೋಡುವವನು ಬಂದ ದಿನ ಮಗ ಮನೆಯಲ್ಲಿ ಇರಲೇ ಇಲ್ಲ. ಆದರೂ ಆ ಮನುಷ್ಯ ಗೇಟಿನಲ್ಲಿ ತಾನಾಗಿಯೇ ಕೈ ಎತ್ತಿ ನಿಂತಿದ್ದ.

೨. ಅತ್ತೆಯ ಗಾಲಿಕುರ್ಚಿ

ಅತ್ತೆಗೆ ಎರಡೂ ಮೊಣಕಾಲು ಹೋಗಿವೆ, ಬಾಯಿ ಮಾತ್ರ ಗಟ್ಟಿ. ಅವರಿಗೆಂದು ಮೊದಲೇ ಗಾಲಿಕುರ್ಚಿ ಹೇಳಿಟ್ಟಿದ್ದೆವು. ಕಾರು ಮಾಡಿಕೊಂಡು ಹೋಗಿ ಮುಟ್ಟಿದ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಅದನ್ನು ಕಂಡದ್ದೇ ಸಿಟ್ಟಾದರು. “ನಾ ಏನ್ ದವಾಖಾನಿಗೆ ಹೊಂಟೇನೇನ? ನಡಕೋತ ಬರ್ತೇನಿ.”

ನಾಲ್ಕು ಹೆಜ್ಜೆಗೇ ಕಂಬ ಹಿಡಿದು ನಿಂತರು. ಕುರ್ಚಿ ತಳ್ಳುವವನಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಅವನು ಕುರ್ಚಿಯನ್ನು ಅವರ ಹಿಂದೆ ತಂದು ನಿಲ್ಲಿಸಿ, ಕಾಲಿಡುವ ಹಲಗೆಯನ್ನು ಬಗ್ಗಿ ಸರಿಮಾಡಿ ಕಾದ. ಅತ್ತೆಯ ಸ್ವಂತ ಮಗನೂ ಅಷ್ಟು ತಾಳ್ಮೆಯಿಂದ ಕಾದದ್ದನ್ನು ನಾನು ನೋಡಿಲ್ಲ. ಅತ್ತೆ ಕೂತರು.

ಆಮೇಲೆ ಅವರಿಗೆ ಗೊತ್ತಾದದ್ದೇನೆಂದರೆ, ಈ ಕುರ್ಚಿಯವರು ಎಲ್ಲಿಯೂ ಪಾಳಿಯಲ್ಲಿ ನಿಲ್ಲಬೇಕಾಗಿಲ್ಲ. ದೊಡ್ಡ ದೊಡ್ಡ ಸೂಟಿನವರು ಸರಿದು ದಾರಿ ಬಿಡುತ್ತಿದ್ದರು. ಅತ್ತೆ ಎರಡೂ ಕಡೆ ಕೈ ಮುಗಿಯುತ್ತಾ ಸಾಗಿದರು. ಕಡೆಗೆ ನನ್ನ ಕಡೆ ತಿರುಗಿ, “ಪಾಳಿ ತಪ್ಪತೈತಿ ಅಂತ ಗೊತ್ತಿದ್ರ ಹತ್ತ ವರ್ಷದ ಹಿಂದನ ಮೊಣಕಾಲ ಕೆಡಿಸ್ಕೋತಿದ್ದೆ ನೋಡವಾ” ಎಂದರು.

೩. ಸೂರ್ಯಕಾಂತಿ ಪಟ್ಟಿ

ಅಲ್ಲಿಯ ಸಹಾಯದ ಕೌಂಟರಿನಲ್ಲಿ ಮಗನ ಕೊರಳಿಗೆ ಸೂರ್ಯಕಾಂತಿ ಹೂಗಳ ಚಿತ್ರವಿರುವ ಹಸಿರು ಪಟ್ಟಿ ಹಾಕಿದರು. ಇವರಿಗೆ ಸ್ವಲ್ಪ ಹೆಚ್ಚು ಸಮಯ ಬೇಕು, ಅವಸರ ಮಾಡಬೇಡಿ ಎಂದು ಸಿಬ್ಬಂದಿಗೆ ಅದರ ಗುರುತು. ತಪಾಸಣೆಯವನು ಪಟ್ಟಿ ನೋಡಿ, ಮುಟ್ಟುವ ಮೊದಲು ಪ್ರತಿಸಲ ಸನ್ನೆ ಮಾಡಿ ತೋರಿಸಿದ. ಮಗ ಹಟ ಮಾಡಲಿಲ್ಲ. ನನಗೆ ಆ ತಪಾಸಣೆಯವನ ಕಾಲಿಗೆ ಬೀಳಬೇಕು ಅನಿಸಿತು.

ನಮ್ಮವರಿಗೂ ಆ ಪಟ್ಟಿಯ ಮೇಲೆ ಮನಸ್ಸಾಯಿತು. ಒಳಗಡೆಯೂ ಅಂಥದೇ ಕೌಂಟರ್ ಇತ್ತು, ನನ್ನನ್ನು ಕರೆದುಕೊಂಡು ಹೋಗಿ ತಮಗೂ ಒಂದು ಕೇಳಿದರು. ಅಲ್ಲಿದ್ದ ಹುಡುಗಿ ಗಂಭೀರವಾಗಿ ನನ್ನನ್ನು, “ಇವರಿಗೇನು ತೊಂದರೆ?” ಎಂದು ಕೇಳಿದಳು.

“ಹೇಳಿದ್ದು ತಿಳಿಯಾಕ ಭಾಳ ಹೊತ್ತ ಬೇಕ್ರಿ” ಎಂದೆ. ಪಟ್ಟಿ ಸಿಗಲಿಲ್ಲ. ನಾನು ಹೇಳಿದ್ದು ಮಾತ್ರ ನಮ್ಮವರಿಗೆ ವಿಮಾನದ ಬಾಗಿಲಿಗೆ ಬಂದ ಮೇಲೆ ತಿಳಿದು, ಸಿಟ್ಟು ಬಂತು.

೪. ಕಂಡಕ್ಟರ್ ಎಲ್ಲಿ?

ಎಲ್ಲ ಸುಸೂತ್ರ ಎನ್ನುವಷ್ಟರಲ್ಲಿ ಮಗ ಸೀಟಿನ ಪಕ್ಕದ ದಾರಿಯಲ್ಲಿ ನಿಂತುಬಿಟ್ಟ. “ಕಂಡಕ್ಟರ್ ಎಲ್ಲಿ?” ಇಂಡಿಯಿಂದ ಸಿಂದಗಿಗೆ ಮೇಡಂ ಹತ್ತಿರ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ “ರೈಟ್” ಅಂದರಷ್ಟೇ ಗಾಡಿ ಹೊರಡುವುದು, ಆಮೇಲಷ್ಟೇ ಇವನು ಕೂಡುವುದು. ಪಡಸಾಲೆಯ ವಿಮಾನದಲ್ಲಿ ನಮಗೆ ಇದು ಹೊಳೆದೇ ಇರಲಿಲ್ಲ.

ಎಲ್ಲರೂ ಕೂತಿದ್ದರು, ಬಾಗಿಲು ಹಾಕಿತ್ತು. ಇವನು ಕೂಡದೆ ವಿಮಾನ ಹೊರಡದು, ಅದು ಹೊರಡದೆ ಇವನು ಕೂಡುವುದಿಲ್ಲ. ನಮ್ಮನ್ನು ಇಳಿಸಿಯೇ ಬಿಡುತ್ತಾರೆ ಎಂದುಕೊಂಡು ಮೇಲಿಟ್ಟ ಚೀಲಕ್ಕೆ ಕೈ ಹಾಕಿದೆ.

ಗಗನಸಖಿ ಬಂದಳು. ನಾನು ಹರಕು ಹಿಂದಿಯಲ್ಲಿ ವಿವರಿಸುತ್ತಿದ್ದರೆ ಅವಳು, “ಕನ್ನಡದಾಗ ಹೇಳ್ರಿ ಅಕ್ಕಾರ, ನಾ ಮುದ್ದೇಬಿಹಾಳದಾಕಿ” ಎಂದಳು. ಎಲ್ಲ ಕೇಳಿಸಿಕೊಂಡು, ಮುಂದೆ ಹೋಗಿ ಫೋನಿನಲ್ಲಿ ಕ್ಯಾಪ್ಟನ್ ಜೊತೆ ಮಾತಾಡಿ ಬಂದು ಮಗನಿಗೆ ಹೇಳಿದಳು: “ಈ ಗಾಡಿಗೆ ಕಂಡಕ್ಟರ್ ಇಲ್ಲಪಾ. ನೀನ ಆಗ್ತೀಯೇನು? ಆದ್ರ ಇಲ್ಲಿ ಕಂಡಕ್ಟರ್ ಕೂತು, ಬೆಲ್ಟ್ ಹಾಕ್ಕೊಂಡ ರೈಟ್ ಅನ್ನಬೇಕು.”

ಮಗ ಯೋಚಿಸಿದ. ಕೂತ. ಬೆಲ್ಟ್ ಹಾಕಿಕೊಂಡ. ಇಡೀ ವಿಮಾನಕ್ಕೆ ಕೇಳುವಂತೆ “ರೈಟ್!” ಅಂದ.

ವಿಮಾನ ಹೊರಟಿತು. ಆದರೆ ಹಿಂದಕ್ಕೆ! ವಿಮಾನವನ್ನು ಮೊದಲು ಹಿಂದಕ್ಕೆ ತಳ್ಳುತ್ತಾರೆಂಬುದನ್ನು ಇವನಿಗೆ ಆಡಿ ತೋರಿಸಿರಲಿಲ್ಲ, ಇನ್ನು ಮುಗಿಯಿತು ಎಂದುಕೊಂಡೆ. ಮಗ ಕಿಟಕಿಯಾಚೆ ನೋಡಿದ, ಕುರ್ಚಿಯ ತೋಳಿಗೆ ಟಪಟಪ ಬಡಿದ. “ಬರ್ಲಿ… ಬರ್ಲಿ… ಬರ್ಲಿ…” ಹಿಂದಿನ ಸಾಲಿನ ಇಬ್ಬರು ಕಲಬುರಗಿಯವರೂ ದನಿಗೂಡಿಸಿದರು. “ಹೋಲ್ಡಾನ್!” ಎಂದು ಇವನು ಕೂಗುವುದಕ್ಕೂ ವಿಮಾನ ನಿಲ್ಲುವುದಕ್ಕೂ ಸರಿಹೋಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಗಗನಸಖಿಯ ಕೈ ಹಿಡಿದುಕೊಂಡು ನಗುನಗುತ್ತಲೇ ಅತ್ತುಬಿಟ್ಟೆ.

ದಿಲ್ಲಿಯಲ್ಲಿ ಮಗಳು ಕೂಸನ್ನು ಎತ್ತಿಕೊಂಡು ಹೊರಗೆ ಕಾಯುತ್ತಿದ್ದಳು. ತಮ್ಮನನ್ನು ಕಂಡದ್ದೇ ಬಿರಬಿರನೆ ಹತ್ತಿರ ಬಂದಳು. “ಇಷ್ಟ ದೂರ ವಿಮಾನದಾಗ ಕೂತು ಬಂದ್ಯೇನೋ ತಮ್ಮಾ?”

ಅವನು ಮುಖ ನೋಡಲಿಲ್ಲ, ಅವಳ ಸೆರಗಿನ ತುದಿ ಹಿಡಿದುಕೊಂಡ.

“ಕೂತು ಬಂದಿಲ್ಲ. ವಿಮಾನ ನಾನ ತಂದೇನಿ.”